ಹೊಸ್ತಿಲಾಚೆಯ ನೀರಿನ ಕೊಡ

ಕೂಲರ್ ಬೇಕೆಂದು ಅರ್ಜಿ ಬರೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಕಡೆ ಈ ಒಂದು ಮಾತು ಹೇಳಲು ಆಗ ನನಗೆ ನಾಲ್ಕು ದಿನ ಹಿಡಿದಿತ್ತು.

ಎಂಬತ್ತರ ದಶಕದ ನಡುವಿನ ವರ್ಷಗಳು. ನಾಗಪುರದ ಒಂದು ಸರಕಾರಿ ಸಂಗ್ರಹಾಲಯದಲ್ಲಿ, ಪಳೆಯುಳಿಕೆಗಳ ಉಗ್ರಾಣಕ್ಕೆ ನಾನು ಸಹಾಯಕನಾಗಿ ಸೇರಿ ಐದು ತಿಂಗಳಾಗಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಜನ ಬಂದು ನೋಡುವ ಹಾಲ್‌ನಲ್ಲಿ ಗಾಜಿನ ಹಿಂದೆ ಇದ್ದದ್ದು ಕೆಲವೇ ಕಲ್ಲು. ಉಳಿದದ್ದೆಲ್ಲ ಹಿಂದಿನ ಉದ್ದನೆಯ ಕೋಣೆಯಲ್ಲಿ, ತೇಗದ ಕಪಾಟುಗಳ ಒಳಗಿತ್ತು. ಕಪಾಟಿನಲ್ಲಿ ಡ್ರಾಯರುಗಳು, ಡ್ರಾಯರಿನಲ್ಲಿ ರಟ್ಟಿನ ತಟ್ಟೆಗಳು, ತಟ್ಟೆಗೊಂದು ಕಲ್ಲು. ಕಲ್ಲಿನ ಹಿಂಬದಿಗೆ ಬೆರಳಗಲ ಬಿಳಿ ಬಣ್ಣ ಹಚ್ಚಿ, ಅದು ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ ನಂಬರು. ಕೆಳಗೆ ಚೀಟಿ: ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿ, ಯಾರ ಕೈಗೆ. ಡೈನೋಸಾರಿನ ಮೂಳೆಯ ತುಂಡುಗಳಿದ್ದವು, ಕಲ್ಲಾಗಿ ಹೋದ ಅದರ ಲದ್ದಿಯೂ ಇತ್ತು. ಆದರೆ ಮೂರು ಸಾಲು ಕಪಾಟುಗಳನ್ನು ತುಂಬಿದ್ದು ಕಲ್ಲಿದ್ದಲ ಗಣಿಗಳಿಂದ ಬಂದ ಎಲೆಗಳು. ಕಪ್ಪು ಪದರಗಲ್ಲಿನ ಮೇಲೆ ನಾಲಿಗೆಯಾಕಾರದ ಎಲೆ, ನಡುನರ, ಅದರಿಂದ ಬಲೆಯ ಹಾಗೆ ಹರಡಿದ ಸಣ್ಣ ನರಗಳು. ಈ ನೆಲದಲ್ಲಿ ಮನುಷ್ಯ ಹೋಗಲಿ, ಹೂವೂ ಹುಟ್ಟದ ಕಾಲದ ಎಲೆ.

ಆ ಕೋಣೆಯ ನಿಜವಾದ ಯಜಮಾನರು ಒಬ್ಬ ಖಲಾಸಿ, ಎತ್ತಿಡುವ, ಹೊರುವ ಕೆಲಸದ ಜವಾನರು. ಅಕ್ಕಲಕೋಟೆ ಕಡೆಯವರು, ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಸಾಹೇಬರ ಮುಂದೆ ಹಿಂದಿ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ. ಬರುವ ದೀಪಾವಳಿಗೆ ಅವರ ನಿವೃತ್ತಿ. ತರುಣರಾಗಿದ್ದಾಗ ತಿರುಗಾಟದ ತಂಡಗಳ ಜೊತೆ ಗಣಿಗಳಿಗೆ ಹೋಗಿ ಅಲ್ಲಿಂದ ಅದೇ ಕಲ್ಲುಗಳನ್ನು ತಲೆಯ ಮೇಲೆ ಹೊತ್ತು ತಂದವರು.

ಸೇರಿದ ದಿನವೇ ನನ್ನ ಕಣ್ಣಿಗೆ ಚುಚ್ಚಿದ್ದು ಹೊಸ್ತಿಲಾಚೆ ಮೂರುಕಾಲಿನ ಮಣೆಯ ಮೇಲಿಟ್ಟಿದ್ದ ಮಣ್ಣಿನ ಕೊಡ. ಕುಡಿಯುವ ನೀರು ಹೊರಗೇ. ಒಳಗೆ ಲೋಟವೂ ಹೋಗಕೂಡದು. ಮಳೆಗಾಲದಲ್ಲಿ ಕೊಡೆಯೂ ಹೊರಗೆ, ಒದ್ದೆ ಚಪ್ಪಲಿಯೂ ಹೊರಗೆ. ನಾನು ಒಮ್ಮೆ ಗ್ಲಾಸು ಹಿಡಿದು ಒಳಗೆ ಕಾಲಿಟ್ಟಾಗ ಕಾಕಾ ಅಡ್ಡ ನಿಂತರು.

"ನೀರು ಹೊರಗ ಕುಡೀರಿ ಸಾಹೇಬ್ರ."

"ಯಾಕ ಕಾಕಾ? ಒಳಗ ದೇವರ್ನ ಕೂಡ್ಸೀರೇನು, ಮಡಿ ಮಾಡ್ಲಿಕ್ಕಿ?"

"ದೇವ್ರಿದ್ರ ನೀರು ಬೇಡತಿತ್ರಿ. ಇದು ಬ್ಯಾಡ ಅಂತೈತಿ."

"ಯಾರು ಹೇಳ್ಯಾರ?"

"ಮೊದಲಿನ ದೊಡ್ಡ ಸಾಹೇಬ್ರು ಹೇಳಿದ್ರು. ಯಾಕ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

ಅವರು ನಗುತ್ತಲೇ ಹೇಳಿದ್ದರು. ನನಗೆ ನಗು ಬರಲಿಲ್ಲ. ಶಹಾಬಾದಿನ ಫರಸಿ ಗಣಿಯಲ್ಲಿ ನಮ್ಮಪ್ಪ ನೆಲಕ್ಕೆ ಹಾಸುವ ಕಲ್ಲಿನ ಪದರ ಬಿಡಿಸುತ್ತಿದ್ದ. ಗುತ್ತೇದಾರನ ಮನೆಯ ಕಟ್ಟೆಯ ಕೆಳಗೆ ನಮ್ಮಂಥವರಿಗಾಗಿ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಅಪ್ಪನ ಜೊತೆ ಹೋದಾಗ ನಾನೂ ಅದರಲ್ಲೇ ಕುಡಿದವನು. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದ ಮೊದಲಿಗ ನಾನು. ಗಣಿಯ ಪಕ್ಕದ ಸಾಲೆಯಿಂದ ಹಿಡಿದು ಭೂವಿಜ್ಞಾನದ ಎಂ.ಎಸ್ಸಿ. ತನಕ ಹೇಗೆ ಬಂದೆನೆಂಬುದು ನನಗೂ ನಮ್ಮವ್ವನಿಗೂ ಗೊತ್ತು. ಅಷ್ಟು ದೂರ ಬಂದ ಮೇಲೂ, ಅದೂ ನಮ್ಮಂಥವರು ಲಕ್ಷಗಟ್ಟಲೆ ಸೇರಿ ಬೌದ್ಧ ದೀಕ್ಷೆ ಪಡೆದ ನಾಗಪುರದಂಥ ಊರಿನಲ್ಲಿ, ನೀರು ಬಾಗಿಲಾಚೆಯೇ ಎಂದರೆ ನನಗೆ ಅದು ಕಲ್ಲಿನ ವಿಷಯವಾಗಿ ಕಾಣಲೇ ಇಲ್ಲ. ಮರುದಿನ ಕೊಡವನ್ನು ನಾನೇ ಎತ್ತಿ ಒಳಗಿಟ್ಟೆ. ಮಧ್ಯಾಹ್ನಕ್ಕೆ ಅದು ಹೊರಗಿತ್ತು. ಮತ್ತೆ ಇಟ್ಟೆ. ಮತ್ತೆ ಹೊರಗೆ.

ಏಪ್ರಿಲ್ ಬಂತು. ನಾಗಪುರದ ಬೇಸಿಗೆ ಕಂಡವರಿಗೆ ನಾನು ಹೇಳಬೇಕಾದ್ದಿಲ್ಲ, ಕಾಣದವರಿಗೆ ಹೇಳಿ ಪ್ರಯೋಜನವಿಲ್ಲ. ಉಗ್ರಾಣದ ಮಾಡು ತಗಡಿನದು. ಕಪಾಟಿನ ಹಲಗೆಗಳು ಟಪ್ ಎಂದು ಬಿರುಕು ಬಿಡುವ ಸದ್ದು ಕೇಳುತ್ತಿತ್ತು. ಚೀಟಿಗಳ ಗೋಂದು ಒಣಗಿ ಮೂಲೆಗಳು ಮೇಲೇಳುತ್ತಿದ್ದವು. ನಾನು ಒಳ್ಳೆಯ ಇಂಗ್ಲಿಷಿನಲ್ಲಿ, ಕಾರ್ಬನ್ ಹಾಕಿ, ಒಂದು ಪುಟದ ಅರ್ಜಿ ಬರೆದೆ: ಮರ ಸೀಳುತ್ತಿದೆ, ಚೀಟಿ ಉದುರುತ್ತಿವೆ, ಕೆಲಸಗಾರರ ಆರೋಗ್ಯ ಕೆಡುತ್ತಿದೆ, ಆದ್ದರಿಂದ ನೀರು ಹಾಕಿ ತಂಪು ಗಾಳಿ ಬೀಸುವ ಕೂಲರ್ ಒಂದು ಬೇಕು. ಕ್ಯೂರೇಟರ್ ಆಗಿದ್ದವರು ಒಬ್ಬ ಹೆಣ್ಣುಮಗಳು. ಮಾತು ಕಡಿಮೆ, ಕನ್ನಡಕ ಮೂಗಿನ ತುದಿಯಲ್ಲಿ. ನಾವೆಲ್ಲ ಮ್ಯಾಡಮ್ ಎನ್ನುತ್ತಿದ್ದೆವು. ಅವರು ಸಹಿ ಮಾಡಿದರು. ಮೇ ಮೊದಲ ವಾರ ದೊಡ್ಡ ತಗಡಿನ ಕೂಲರ್ ಬಂದು ಉಗ್ರಾಣದ ಕಿಟಕಿಯಲ್ಲಿ ಕೂತಿತು.

ಸ್ವರ್ಗ. ಬೇರೆ ಮಾತಿಲ್ಲ. ಲಾವಂಚದ ವಾಸನೆ ಹೊತ್ತ ತಣ್ಣನೆಯ ಗಾಳಿ. ಊಟದ ಹೊತ್ತಿಗೆ ಬೇರೆ ವಿಭಾಗದವರೂ ಡಬ್ಬಿ ಹಿಡಿದು ಬರತೊಡಗಿದರು. ಎಲ್ಲರಿಗಿಂತ ಮೊದಲು ಬರುತ್ತಿದ್ದವರು ನಕ್ಷೆ ವಿಭಾಗದ ಡ್ರಾಫ್ಟ್ಸ್‌ಮನ್; ಮೈಸೂರಿನವರು, ಪ್ರತಾಪ ನಗರದಲ್ಲಿ ಮನೆ. "ಸಾರ್, ನಿಮ್ಮ ಕಲ್ಲುಗಳ ಪುಣ್ಯದಲ್ಲಿ ನಮಗೊಂದು ಊಟಿ" ಎನ್ನುತ್ತಿದ್ದರು. ಕಾಕಾ ಮಾತ್ರ ಬೆಳಿಗ್ಗೆ, ಮಧ್ಯಾಹ್ನ ಬಕೆಟ್ಟಿನಲ್ಲಿ ಕೂಲರಿಗೆ ನೀರು ಸುರಿದು, ರಿಜಿಸ್ಟರಿನಲ್ಲಿ 'ನೀರು ಹಾಕಿದೆ' ಎಂದು ಮರಾಠಿಯಲ್ಲಿ ಬರೆದು ಸಹಿ ಹಾಕಿ, ಹೊರಗೆ ಕೊಡದ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಒಂದು ದಿನ ಕೇಳಿದರು, "ಸಾಹೇಬ್ರ, ಕೊಡ ಒಳಗ ಬ್ಯಾಡಂತಿದ್ದೆ. ಈಗ ಇಡೀ ಬಾವೀನ ಒಳಗ ಬಂತಲ್ರಿ?"

"ಕಾಲ ಬದಲಾಗ್ಯದ ಕಾಕಾ" ಎಂದೆ. ಗೆದ್ದೆ ಎಂದುಕೊಂಡಿದ್ದೆ.

ಜೂನಿನಲ್ಲಿ ಮಳೆ ಹಿಡಿಯಿತು. ಮಳೆ ಬಂದ ಮೇಲೂ ಸೆಕೆ ಕಡಿಮೆಯಾಗಲಿಲ್ಲವೆಂದು ಕೂಲರ್ ನಡೆದೇ ಇತ್ತು. ಜುಲೈ ನಡುವಿನಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಬೆಂಕಿಕಡ್ಡಿ ಗೀರಿದ ಹಾಗೆ ಮೂಗಿಗೆ ಹತ್ತುವ ವಾಸನೆ. ಎಲೆಗಳ ಕಪಾಟಿನಿಂದ ಬರುತ್ತಿತ್ತು. ಡ್ರಾಯರ್ ಎಳೆದೆ. ಕಲ್ಲುಗಳ ಅಂಚಿನಲ್ಲಿ ಬಿಳಿ, ಹಳದಿ ಬೂಸ್ಟು, ಹತ್ತಿ ಹಿಂಜಿದ ಹಾಗೆ.

ಬೂಸ್ಟಾದರೆ ತೊಳೆದರೆ ಹೋಗುತ್ತದೆ. ಇಪ್ಪತ್ತು ಕಲ್ಲುಗಳನ್ನು ಹೊರಗೊಯ್ದು, ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ನೆರಳಿಗೆ ಆರಹಾಕಿದೆ. ಕಾಕಾ ಎರಡು ಸಲ "ಸಾಹೇಬ್ರ..." ಎಂದು ಬಾಯಿ ತೆಗೆದು ಮುಚ್ಚಿದರು. ಮೂರನೆಯ ದಿನ ಆ ಇಪ್ಪತ್ತರಲ್ಲಿ ಏಳು ಕಲ್ಲುಗಳು ಬಿಸ್ಕೀಟಿನ ಹಾಗೆ ಪದರು ಪದರಾಗಿ ಬಿಟ್ಟುಕೊಂಡಿದ್ದವು. ಒಂದನ್ನು ಎತ್ತಹೋದರೆ ಎಲೆ ನನ್ನ ಬೆರಳಿಗೆ ಕಪ್ಪು ಪುಡಿಯಾಗಿ ಅಂಟಿತು. ಡ್ರಾಯರಿನಲ್ಲಿ ಉಳಿದವುಗಳ ಕೆಳಗಿನ ಚೀಟಿಗಳು ಕಂದುಗಟ್ಟಿ, ಸುಟ್ಟ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಪ್ರಯೋಗಾಲಯದಿಂದ ನೀಲಿ ಲಿಟ್ಮಸ್ ಕಾಗದ ತಂದು ತಟ್ಟೆಗೆ ತಾಗಿಸಿದೆ. ಕೆಂಪಾಯಿತು.

ಆಮ್ಲ. ಆಗ ನನ್ನ ತಲೆಗೆ ಹೋಯಿತು. ಕಲ್ಲಿದ್ದಲ ಜೊತೆಯ ಪದರಗಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಕಬ್ಬಿಣ ಮತ್ತು ಗಂಧಕ ಕೂಡಿದ ಪೈರೈಟ್ ಇರುತ್ತದೆ. ಒಣಗಿ ಇದ್ದರೆ ಸುಮ್ಮನಿರುತ್ತದೆ. ಗಾಳಿಯ ಜೊತೆ ತೇವ ಸಿಕ್ಕಿತೋ, ಗಂಧಕಾಮ್ಲವಾಗುತ್ತದೆ, ಉಪ್ಪು ಕಟ್ಟುತ್ತದೆ, ಉಪ್ಪು ಉಬ್ಬಿ ಒಳಗಿನಿಂದ ಕಲ್ಲನ್ನು ಸೀಳುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಹೊರಗಿನ ಕೊಡ ನೋಡಿದಾಗ ಮಾತ್ರ ನೆನಪಾಗಿರಲಿಲ್ಲ.

ಓಡಿಹೋಗಿ ಕೂಲರಿನ ಸ್ವಿಚ್ ತೆಗೆದೆ. ಎರಡು ತಿಂಗಳು ಹಗಲಿಡೀ ಆ ಎಲೆಗಳ ಮೇಲೆ ಹಸಿ ಗಾಳಿ ಊದಿದ್ದೆ.

ಅದೇ ವಾರ ಮ್ಯಾಡಮ್ ಕೈಗೆ ಒಂದು ಪತ್ರ ಬಂದಿತ್ತು. ಹಿರಿಯ ಸಸ್ಯ ವಿಜ್ಞಾನಿಯೊಬ್ಬರು ಆಗಸ್ಟಿನಲ್ಲಿ ಬರುವವರಿದ್ದರು, ತಮ್ಮ ಮೂಲಮಾದರಿಯನ್ನು ಇನ್ನೊಮ್ಮೆ ನೋಡಲು. ಮೂಲಮಾದರಿ ಎಂದರೆ, ಒಂದು ಜಾತಿಗೆ ಮೊದಲ ಸಲ ಹೆಸರಿಡುವಾಗ ಯಾವ ಕಲ್ಲನ್ನು ಮುಂದಿಟ್ಟುಕೊಂಡಿದ್ದರೋ ಆ ಕಲ್ಲು. ಆಮೇಲೆ ಜಗತ್ತಿನಲ್ಲಿ ಎಲ್ಲಿ ಅಂಥ ಎಲೆ ಸಿಕ್ಕರೂ ಇದರ ಜೊತೆ ಹೋಲಿಸಿ ನೋಡಬೇಕು. ಅವರ ಎಲೆಯ ಬುಡದಲ್ಲಿ ಬೀಜ ಅಂಟಿಕೊಂಡಿದ್ದ ಗುರುತಿತ್ತು. ಅಂಥದು ಇನ್ನೊಂದು ಸಿಕ್ಕಿರಲಿಲ್ಲ. ಆ ಡ್ರಾಯರ್ ಎಳೆದೆ. ಎಲೆ ಇತ್ತು. ಆದರೆ ಕಲ್ಲಿನ ಒಂದು ಮೂಲೆಯಲ್ಲಿ ಬಿಳಿ ಕಾಣಿಸಿಕೊಂಡಿತ್ತು, ಎಲೆಯ ತುದಿಯ ಮೇಲೆ ಕೂದಲೆಳೆಯಷ್ಟು ಬಿರುಕು.

ಮ್ಯಾಡಮ್‌ಗೆ ಹಾನಿಯನ್ನು ಹೇಳಿದೆ. ತೇವದಿಂದ ಆಗಿದೆ ಎಂದೂ ಹೇಳಿದೆ. ತೇವ ಯಾರ ಅರ್ಜಿಯಿಂದ ಬಂತು ಎನ್ನುವುದನ್ನು ಹೇಳಲಿಲ್ಲ. ಗುರುವಾರ ಸಂಜೆ ಒಂದು ಟಿಪ್ಪಣಿ ಬಂತು: ಕೂಲರಿಗೆ ನೀರು ತುಂಬುವುದರಲ್ಲಿ ಆದ ಅಜಾಗರೂಕತೆಯ ಬಗ್ಗೆ ಖಲಾಸಿಯಿಂದ ಲಿಖಿತ ವಿವರಣೆ ಪಡೆದು, ನನ್ನ ಅಭಿಪ್ರಾಯದೊಂದಿಗೆ ಸೋಮವಾರ ಸಲ್ಲಿಸಬೇಕು. ರಿಜಿಸ್ಟರಿನ ಪುಟ ಪುಟದಲ್ಲೂ ಇದ್ದದ್ದು ಕಾಕಾ ಸಹಿ. ಅರ್ಜಿಯ ಫೈಲು ಬೇರೆ ಅಲಮಾರಿನಲ್ಲಿತ್ತು. ಅದನ್ನು ಯಾರೂ ಕೇಳಿರಲಿಲ್ಲ.

ನಾನು ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಕಾಯಂ ಆಗದ ನೌಕರಿಯವನಿಗೆ ಒಂದು ಸಾಲಿನ ಪತ್ರ ಸಾಕು ಮನೆಗೆ ಹೋಗಲು. ಊರಿನಲ್ಲಿ ಅಪ್ಪ ನನ್ನ ನೌಕರಿಯ ಆದೇಶವನ್ನು ದೇವರ ಫೋಟೋದ ಪಕ್ಕ ಕಟ್ಟು ಹಾಕಿಸಿದ್ದ. ಶುಕ್ರವಾರ ಕಳೆಯಿತು. ಶನಿವಾರ ಕಾಕಾ ತಾವೇ ಟಿಪ್ಪಣಿಯ ಮಾತೆತ್ತಿದರು. ಆಫೀಸಿನಲ್ಲಿ ಯಾವ ಮಾತೂ ಗೋಡೆಯೊಳಗೆ ಉಳಿಯುವುದಿಲ್ಲ.

"ಬರದ್ರೇನ್ರಿ ಸಾಹೇಬ್ರ?"

"ಇನ್ನೂ ಇಲ್ಲ ಕಾಕಾ."

"ಬರೀರಿ. ನೀರು ನಾನ ಹಾಕೀನಿ, ಖರೇನ ಐತಿ. ನಾ ಹೆಬ್ಬಟ್ಟ ಬೇಕಾದ್ರ ಹೆಬ್ಬಟ್ಟ, ಸಹಿ ಬೇಕಾದ್ರ ಸಹಿ ಕೊಡ್ತೀನಿ."

"ಸರ್ವಿಸ್ ಬುಕ್ಕಿನ್ಯಾಗ ಬರೀತಾರ ಕಾಕಾ. ಇಷ್ಟು ವರ್ಷ ಒಂದು ಗೆರಿ ಇಲ್ಲ ಅದ್ರಾಗ."

"ದಿವಾಳಿಗಿ ನಾ ಹೋಗಾಂವ. ಆ ಬುಕ್ ಯಾವ ಹೆಣ್ಣಿನ ಕಡೆಯವ್ರಿಗೆ ತೋರಸ್ಲಿ ನಾ? ನಿಮ್ಮದು ಈಗ ಸುರು ಐತಿ. ಓದಿದ ಮನಶ್ಯಾ ಇಲ್ಲಿ ಇರ್ಬೇಕು. ಈ ಕಲ್ಲಿಗಿ ಯಾಕ ನೀರು ಬ್ಯಾಡ ಅಂತ ಇಷ್ಟು ವರ್ಷಕ್ಕ ನನಗ ತಿಳಿಸಿ ಹೇಳ್ದವ್ರು ನೀವೊಬ್ಬರ."

ಹಿಂದಿನ ದಿನ ಅವರಿಗೆ ಲಿಟ್ಮಸ್ ತೋರಿಸಿ ವಿವರಿಸಿದ್ದೆ. ಅದಕ್ಕೆ ಅವರು ಕೃತಜ್ಞರಾಗಿದ್ದರು! ನಾನು ತಲೆ ಎತ್ತಲಾರದೆ ಡ್ರಾಯರಿನೊಳಗೇ ನೋಡುತ್ತಾ ಕೂತೆ.

ಭಾನುವಾರ ಪ್ರತಾಪ ನಗರಕ್ಕೆ ಹೋದೆ. ಡ್ರಾಫ್ಟ್ಸ್‌ಮನ್ ಪೇಪರ್ ಮಡಿಸಿಟ್ಟು, ನಾನು ಸುತ್ತಿ ಬಳಸಿ ಹೇಳಿದ್ದನ್ನೆಲ್ಲ ಕೇಳಿ, ಕೊನೆಗೆ ಹೇಳಿದರು: "ನೋಡಿ ಸಾರ್, ಅರ್ಜಿ ಬರೆದಿದ್ದು ನೀವು ಅಂತ ನನಗೆ ಗೊತ್ತು. ಆ ಕೂಲರ್ ಮುಂದೆ ಕೂತು ನಿಮ್ಮ ಹೆಸರು ಹೇಳಿಕೊಂಡು ಮೊಸರನ್ನ ತಿಂದವನು ನಾನು. ನಾಳೆ ನೀವು ಸುಮ್ಮನಿದ್ದರೆ ನಾನೂ ಸುಮ್ಮನಿರ್ತೀನಿ. ಆದರೆ ಆಮೇಲೆ ನಿಮ್ಮ ಜೊತೆ ಕೂತು ಊಟ ಮಾಡೋಕೆ ಆಗುತ್ತಾ ಅಂತ ನನಗೇ ಅನುಮಾನ."

ಬಯ್ದಿದ್ದರೆ ಸುಲಭವಾಗುತ್ತಿತ್ತು. ಅವರ ಹೆಂಡತಿ ಇಟ್ಟ ಚಿತ್ರಾನ್ನ ತಿಂದು ಎದ್ದೆ.

ಸೋಮವಾರ ಬೆಳಿಗ್ಗೆ ಫೈಲಿನಿಂದ ಅರ್ಜಿಯನ್ನು ತೆಗೆದು ಮೇಲಿಟ್ಟು, ಕೆಳಗೆ ನನ್ನ ಕೈಬರಹದಲ್ಲಿ ಅರ್ಧ ಪುಟ ಬರೆದೆ. ಕೂಲರ್ ಕೇಳಿದವನು ನಾನು. ಒಳಗೆ ನೀರು ಬೇಡವೆಂದು ಖಲಾಸಿ ಮೊದಲ ದಿನದಿಂದ ಹೇಳುತ್ತಿದ್ದರು, ನಾನು ಕೇಳಲಿಲ್ಲ. ಬೂಸ್ಟೆಂದು ನೀರಿನಲ್ಲಿ ತೊಳೆದು ಏಳು ಮಾದರಿಗಳನ್ನು ಕಳೆದವನೂ ನಾನೇ.

ಮ್ಯಾಡಮ್ ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನು ಗುರುವಾರವೇ ಯಾಕೆ ಹೇಳಲಿಲ್ಲ?"

"ಹೆದರಿದ್ದೆ ಮ್ಯಾಡಮ್."

"ಈ ಅರ್ಜಿಯ ಕೆಳಗೆ ಮಂಜೂರು ಅಂತ ಇದೆಯಲ್ಲ, ಯಾರ ಸಹಿ ಅದು?"

ಅವರೇ ಪುಟವನ್ನು ನನ್ನ ಕಡೆ ತಿರುಗಿಸಿದರು.

"ನನ್ನದು. ಖಲಾಸಿಗೆ ಕೊಡಬೇಕೆಂದಿದ್ದ ಟಿಪ್ಪಣಿ ವಾಪಸ್ ಕೊಡಿ. ನಿಮ್ಮ ಹೆಸರಿನಲ್ಲಿ ನಾನು ಬರೆಯುವುದನ್ನು ಬರೆಯುತ್ತೇನೆ, ಅದು ತಪ್ಪುವುದಿಲ್ಲ. ಈಗ ಹೇಳಿ, ಎಲೆ ಉಳಿಸುವುದು ಹೇಗೆ?"

ಮೊದಲು ಕೂಲರ್ ಕಿಟಕಿಯಿಂದ ಇಳಿಯಿತು. ಕಾಕಾ ಮತ್ತು ನಾನು ಎಲೆಗಳ ಮೂರು ಸಾಲು ಕಪಾಟುಗಳನ್ನು ಬರಿದು ಮಾಡಿ, ಒಂದೊಂದು ಕಲ್ಲನ್ನೂ ಕಿಟಕಿಯ ಬೆಳಕಿಗೆ ಹಿಡಿದು ವಿಂಗಡಿಸಿದೆವು: ಗಟ್ಟಿ ಇರುವವು, ಬಿಳಿ ಹಿಡಿದವು, ಹೋದವು. ಸುಟ್ಟ ಚೀಟಿಗಳನ್ನು ಓದಲು ಬಂದಷ್ಟು ನಕಲು ಮಾಡಿದೆ. ಓದಲು ಬಾರದ ಕಡೆ ಕಾಕಾ ಕಲ್ಲು ತಿರುಗಿಸಿ, ಮೂಸಿ, "ಇದು ಉಮರೇಡ ಗಣೀದು. ಇದ ಹೊತ್ತ ದಿವ್ಸ ಚಪ್ಪಲ್ ಹರಿದಿತ್ತು ನಂದು" ಎನ್ನುತ್ತಿದ್ದರು. ನಂಬರು ಹಿಡಿದು ಹಳೆಯ ದಾಖಲೆ ನೋಡಿದರೆ ಬರೋಬರ್ ಅದೇ ಇರುತ್ತಿತ್ತು.

ಬಿಳಿ ಹಿಡಿದವನ್ನು ಒಣ ಬ್ರಷ್ಷಿನಿಂದ ಮಾತ್ರ ಝಾಡಿಸಿ, ತೇವ ಹೀರುವ ನೀಲಿ ಹರಳುಗಳ ಪೊಟ್ಟಣದ ಜೊತೆ ಬಿಸ್ಕೀಟಿನ ಡಬ್ಬಿಗಳಲ್ಲಿಟ್ಟು ಮುಚ್ಚಳದ ಸುತ್ತ ಮೇಣ ಹಾಕಿದೆವು. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೆಗೆದು ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡುವುದು. ಆ ಕೆಲಸವನ್ನು ಕಾಕಾ ಹೊರಗೆ ಸ್ಟೋವ್ ಹಚ್ಚಿ ಶೇಂಗಾ ಹುರಿದ ಹಾಗೆ ಮಾಡುತ್ತಿದ್ದರು. ತೇವ ಹೋಯಿತು. ಒಳಗೆ ಆಗಲೇ ಹುಟ್ಟಿದ ಆಮ್ಲ ಹೋಗಲಿಲ್ಲ. ಅಮೋನಿಯಾದ ಹಬೆ ಆಮ್ಲವನ್ನು ಕೊಲ್ಲುತ್ತದೆ ಎಂದು ಗ್ರಂಥಾಲಯದ ಒಂದು ಹಳೆಯ ಪತ್ರಿಕೆಯಲ್ಲಿ ಎರಡು ಸಾಲಿತ್ತು. ಹಬೆ ಹಿಡಿದಿಡುವ ಪೆಟ್ಟಿಗೆ ಎಲ್ಲಿಂದ ತರುವುದು? ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಡ್ರಾಫ್ಟ್ಸ್‌ಮನ್ನರ ಅಂಗಿಯಿಂದಲೇ ಆ ವಾಸನೆ ಬಂತು. ನಕ್ಷೆಯ ಪ್ರತಿ ಮೂಡಿಸಲು ಅವರು ದಿನಾ ಬಳಸುತ್ತಿದ್ದದ್ದು ಅಮೋನಿಯಾ ಪೆಟ್ಟಿಗೆಯನ್ನೇ!

"ತಗೊಂಡು ಹೋಗಿ ಸಾರ್. ನನ್ನ ಮೂಗು ಸರ್ಕಾರಿ ಸೇವೆಯಲ್ಲೇ ಹುತಾತ್ಮ ಆಗಿದೆ. ಶನಿವಾರ ಮಧ್ಯಾಹ್ನದಿಂದ ಸೋಮವಾರದ ತನಕ ಪೆಟ್ಟಿಗೆ ನಿಮ್ಮದು. ನಕ್ಷೆ ಮೇಲೆ ಎಲೆ ಮೂಡಿದರೆ ಮಾತ್ರ ನಾನು ಜವಾಬ್ದಾರ ಅಲ್ಲ."

ಹೋದ ಕಲ್ಲುಗಳ ಚೂರುಗಳ ಮೇಲೆ ಮೊದಲು ಪರೀಕ್ಷೆ. ಯಾರೋ ಹಿಂದೆ ವಾರ್ನಿಶ್ ಬಳಿದಿದ್ದ ತುಂಡೊಂದು ಪೆಟ್ಟಿಗೆಯಲ್ಲೇ ಸಿಪ್ಪೆ ಬಿಟ್ಟಿತು. ಹೆಚ್ಚು ಹೊತ್ತು ಇಟ್ಟವು ಕಲೆಯಾದವು. ಆದರೆ ಒಂದು ವಿಷಯ ಕಂಡಿತು: ಆಮ್ಲ ಇದ್ದಲ್ಲೆಲ್ಲ ಹಬೆ ತಾಗಿ ತುಕ್ಕಿನ ಬಣ್ಣ ಏಳುತ್ತಿತ್ತು. ರೋಗ ಎಲ್ಲಿದೆ ಎಂದು ಕಲ್ಲೇ ತೋರಿಸುತ್ತಿತ್ತು. ಮೂರು ವಾರದ ಮೇಲೆ ಮ್ಯಾಡಮ್ ಒಪ್ಪಿಗೆ ಪಡೆದು ಮೂಲಮಾದರಿಯನ್ನು, ಎಲೆಯ ಮೇಲೆ ಮೇಣದ ಕಾಗದ ಹೊದಿಸಿ, ಸ್ವಲ್ಪ ಹೊತ್ತು ಮಾತ್ರ ಪೆಟ್ಟಿಗೆಯಲ್ಲಿಟ್ಟೆ. ಹೊರಗೆ ತೆಗೆದಾಗ ಕಲ್ಲಿನ ದಪ್ಪದ ಬದಿಯಲ್ಲಿ, ಎಲೆಯ ಮೇಲ್ಮೈಯಿಂದ ಬೆರಳಗಲ ಕೆಳಗೆ, ದಾರ ಎಳೆದ ಹಾಗೆ ಒಂದೇ ಒಂದು ಕಂದು ಗೆರೆ ಸುತ್ತಲೂ ಓಡಿತ್ತು.

ಪೈರೈಟ್ ಇದ್ದದ್ದು ಆ ಒಂದು ಪದರದಲ್ಲಿ. ಅದು ಉಬ್ಬುತ್ತಾ ಮೇಲಿನ ಎಲೆಯನ್ನು ಎತ್ತುತ್ತಿತ್ತು. ಹಬೆ ಅಷ್ಟು ಒಳಗೆ ಮುಟ್ಟುವುದಿಲ್ಲ. ಪದರ ಬೇರೆ ಮಾಡಿದರೆ ಎಲೆ ಉಳಿಯುತ್ತದೆ. ಮಾಡುವಾಗ ಕೈ ತಪ್ಪಿದರೆ ಎಲೆ ಹೋಗುತ್ತದೆ. ಮೂಲಮಾದರಿಯನ್ನು ಸೀಳುವ ಅಧಿಕಾರ ತಮಗಿಲ್ಲ, ಹಿರಿಯರು ಬರಲಿ ಎಂದರು ಮ್ಯಾಡಮ್.

ಹಿರಿಯರು ಆಗಸ್ಟ್ ಕೊನೆಗೆ ಬಂದರು. ಬೆನ್ನು ಬಾಗಿದ, ಕೋಟಿನ ಜೇಬಿನಲ್ಲಿ ಭೂತಗನ್ನಡಿ ಇಟ್ಟ ಮನುಷ್ಯ. ಮ್ಯಾಡಮ್ ನಡೆದದ್ದನ್ನೆಲ್ಲ ಹೇಳಿದರು, ನನ್ನ ಹೆಸರು ಬಿಡದೆ. ಅವರು ನನ್ನ ಕಡೆ ನೋಡಲಿಲ್ಲ. ಕಲ್ಲನ್ನು ಕಿಟಕಿಗೆ ಒಯ್ದು ತುಂಬ ಹೊತ್ತು ಆ ಕಂದು ಗೆರೆ ನೋಡಿದರು.

"ಸೀಳಲೇಬೇಕು. ನನ್ನ ಕೈ ಈಗ ನಡುಗುತ್ತದೆ. ಯಾರು ಮಾಡುತ್ತೀರಿ?"

ಸೇರಿದ ದಿನದಿಂದ ಆಫೀಸಿನಲ್ಲಿ ಅಪ್ಪನ ಕೆಲಸ ಕೇಳಿದವರಿಗೆಲ್ಲ ನಾನು 'ಕಲ್ಲಿನ ವ್ಯಾಪಾರ' ಎಂದಿದ್ದೆ.

"ನಾನು ಮಾಡುತ್ತೇನೆ ಸರ್. ನಮ್ಮ ತಂದೆ ಫರಸಿ ಗಣಿಯಲ್ಲಿ ಪದರ ಬಿಡಿಸುವ ಕೂಲಿ. ಎಂಟು ವರ್ಷದವನಿದ್ದಾಗಿನಿಂದ ಅವರ ಜೊತೆ ಉಳಿ ಹಿಡಿದಿದ್ದೇನೆ."

ಅವರು ಆಗ ನನ್ನನ್ನು ನೋಡಿದರು. "ಹಾಗಾದರೆ ಇಷ್ಟು ದಿನ ಏನು ಕಾಯುತ್ತಿದ್ದೀರಿ?"

ಡ್ರಾಫ್ಟ್ಸ್‌ಮನ್ ತಮ್ಮ ನಕ್ಷೆ ಕೊರೆಯುವ ತೆಳು ಬ್ಲೇಡುಗಳನ್ನು ಕೊಟ್ಟರು. ಎಲೆಯ ಮೇಲೆ ತೆಳು ಕಾಗದ ಅಂಟಿಸಿ, ಕಲ್ಲನ್ನು ಮರಳು ತುಂಬಿದ ಚೀಲದ ಮೇಲೆ ಮಗ್ಗುಲಾಗಿ ನಿಲ್ಲಿಸಿದೆ. ಹಿಡಿಯಲು ಕಾಕಾ ಬೇಕೆಂದೆ. ಅವರು ಕೈ ಒರೆಸಿಕೊಂಡು ಬಂದು ಎರಡೂ ಅಂಗೈಯಲ್ಲಿ ಕಲ್ಲನ್ನು ಅಪ್ಪಿದರು. ಅಪ್ಪ ಹೇಳುತ್ತಿದ್ದ: ಒಂದೇ ಕಡೆ ಹೊಡೀಬ್ಯಾಡ, ಸುತ್ತ ತಿರುಗು, ಕಲ್ಲಿನ ದನಿ ಕೇಳು, ದನಿ ಬದಲಾದ ಕೂಡಲೆ ಕೈ ನಿಲ್ಲಸು. ಬ್ಲೇಡಿನ ಬೆನ್ನಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಕಂದು ಗೆರೆಯ ಮೇಲೆ ಸುತ್ತು ಹಾಕಿದೆ. ಟಣ್ ಟಣ್. ಎರಡನೆಯ ಸುತ್ತು. ಮೂರನೆಯ ಸುತ್ತು. ನಾಲ್ಕನೆಯದರಲ್ಲಿ ದನಿ ಮಂದವಾಯಿತು.

"ಬಿಡ್ತು ನೋಡ್ರಿ" ಎಂದು ಕಾಕಾ ಪಿಸುಗುಟ್ಟಿದರು. ಅವರ ಅಂಗೈಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ಸುತ್ತಿಗೆ ಕೆಳಗಿಟ್ಟು ಬ್ಲೇಡನ್ನು ಕೂದಲಷ್ಟು ತಿರುಗಿಸಿದೆ. ಕೆಳಗಿನ ಪದರ ಕಾಕಾ ಎಡಗೈಗೆ ಕಳಚಿಕೊಂಡಿತು. ಅದರ ಜೊತೆ ಎಲೆಯ ತುದಿ, ಉಗುರಿನಷ್ಟು, ಎರಡು ಚೂರಾಗಿ ಬಿತ್ತು. ಹಿರಿಯರು ಕಾಗದ ಬಿಡಿಸಿ, ಭೂತಗನ್ನಡಿ ಹಿಡಿದು ಬುಡದಿಂದ ಮೇಲಕ್ಕೆ ಎಲೆಯನ್ನು ನೋಡುತ್ತಾ ಬಂದರು.

"ಬೀಜದ ಗುರುತು ಇದೆ. ನರಗಳಿವೆ. ತುದಿ ಅಂಟಿಸಬಹುದು." ಆಮೇಲೆ ಕಾಕಾ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು, "ಇದನ್ನು ಗಣಿಯಿಂದ ಮೇಲೆ ತಂದ ಹುಡುಗ ನೀನೇ ಅಲ್ಲವೇನೋ? ದಾರಿಯುದ್ದಕ್ಕೂ ಭಾರ ಅಂತ ನನ್ನನ್ನು ಬಯ್ದವನು?"

"ಈಗ ಹಗುರಾತ್ ನೋಡ್ರಿ ಸಾಹೇಬ್ರ, ಅರ್ಧಾ ಕಡಿಮಿ ಮಾಡಿದ್ವಿ" ಎಂದು ಕಾಕಾ ಕನ್ನಡದಲ್ಲೇ ಹೇಳಿದರು. ಮೈಸೂರಿನ ಡ್ರಾಫ್ಟ್ಸ್‌ಮನ್ ಅದನ್ನು ಹಿಂದಿಗೆ ಮಾಡಿ ಹೇಳುವಷ್ಟರಲ್ಲಿ ಎಲ್ಲರಿಗೂ ನಗು.

ನನ್ನ ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಯಿತು. ಮ್ಯಾಡಮ್ ಹೇಳಿದ ಹಾಗೆಯೇ ಬರೆದಿದ್ದರು: ಕೂಲರ್, ತೊಳೆದದ್ದು, ಕಳೆದ ಏಳು ಮಾದರಿ, ಒಂದನ್ನೂ ಬಿಟ್ಟಿರಲಿಲ್ಲ. ಕೆಳಗೆ ಇನ್ನೊಂದು ಸಾಲು ಇತ್ತು, ಉಳಿಸಿದ್ದನ್ನೂ ಇವರೇ ಉಳಿಸಿದರು ಎಂದು. ಆ ಎರಡೂ ನನಗೆ ಇವತ್ತಿಗೂ ಸರಿ ಎನಿಸುತ್ತವೆ. ಅವರು ಒಂದನ್ನೇ ಬರೆದಿದ್ದರೆ, ಅದು ಯಾವುದೇ ಆಗಿದ್ದರೂ, ನಾನು ಆ ಕೆಲಸದಲ್ಲಿ ಉಳಿಯುತ್ತಿದ್ದೆನೋ ಇಲ್ಲವೋ. ಊರಿಗೆ ಹೋದಾಗ ಅಪ್ಪನಿಗೆ ನಡೆದದ್ದನ್ನು ಹೇಳಿದೆ. ಬ್ಲೇಡಿನಿಂದ ಬಿಡಿಸಿದೆ ಎಂದದ್ದಕ್ಕೆ ಮಾತ್ರ ಅವನಿಗೆ ಸಮಾಧಾನವಾಗಲಿಲ್ಲ. "ಉಳಿ ಇದ್ರ ತುದೀನೂ ಬೀಳ್ತಿರಲಿಲ್ಲ" ಎಂದ. ಮರಳಿ ಬರುವಾಗ ತನ್ನ ಸಣ್ಣ ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟಿದ್ದ.

ದೀಪಾವಳಿಗೆ ಕಾಕಾ ನಿವೃತ್ತರಾದರು. ಸರ್ವಿಸ್ ಬುಕ್ಕಿನಲ್ಲಿ ಒಂದು ಕೆಂಪು ಗೆರೆಯೂ ಇರಲಿಲ್ಲ. ಶಾಲು ಹೊದಿಸಿದ ಮೇಲೆ ಎಲ್ಲರೂ ಹಾಲ್‌ನಲ್ಲಿ ಪೇಡೆ ತಿನ್ನುತ್ತಿದ್ದಾಗ ಅವರು ಉಗ್ರಾಣದ ಕಡೆ ಹೋದರು. ಹಿಂದೆಯೇ ಹೋದೆ. ಕೊಡವನ್ನು ತೊಳೆದು, ಹೊಸ ನೀರು ತುಂಬಿ, ಮಣೆಯ ಮೇಲೆ ಇಡುತ್ತಿದ್ದರು.

"ನಾಳಿಂದ ಇದು ನಿಮ್ಮ ಕೆಲಸ್ರಿ ಸಾಹೇಬ್ರ."

"ಆಗಲಿ ಕಾಕಾ."

"ಒಳಗ ಇಡಬ್ಯಾಡ್ರಿ ಮತ್ತ" ಎಂದು ನಕ್ಕರು. ಈ ಸಲ ನನಗೂ ನಗು ಬಂತು.

ಇಪ್ಪತ್ತೆಂಟು ವರ್ಷ ಆ ಕೊಡಕ್ಕೆ ನಾನೇ ನೀರು ತುಂಬಿಸಿದೆ. ಒಡೆದಾಗೆಲ್ಲ ಹೊಸದು ತಂದೆ. ಕೆಲಸಕ್ಕೆ ಸೇರಿದ ಹೊಸಬರು ಬಾಗಿಲಲ್ಲಿ ಅದನ್ನು ಕಂಡು ಮೊದಲು ನನ್ನ ಮುಖ, ಆಮೇಲೆ ಕೊಡ ನೋಡುತ್ತಿದ್ದರು. ಒಬ್ಬ ಹುಡುಗಿ, ತನ್ನ ಮನೆಯಲ್ಲಿ ಮೊದಲ ಸಲ ಓದಿದವಳು, ನೆಟ್ಟಗೆ ಕೇಳಿಯೇಬಿಟ್ಟಳು, "ಸರ್, ಇದು ಯಾರಿಗೆ ಹೊರಗೆ?" ಅವಳ ದನಿಯಲ್ಲಿದ್ದದ್ದು ನನಗೆ ಚೆನ್ನಾಗಿ ಗೊತ್ತಿತ್ತು.

"ಎಲ್ಲರಿಗೂ. ನನಗೆ, ನಿನಗೆ, ಡೈರೆಕ್ಟರಿಗೆ" ಎಂದು ಒಳಗೆ ಕರೆದುಕೊಂಡು ಹೋದೆ. ಮೊದಲ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದ, ಶಾಯಿ ಮಾಸಿದ ಒಂದು ಕಾರ್ಬನ್ ಪ್ರತಿ ತೋರಿಸಿದೆ. ಅವಳು ಒಳ್ಳೆಯ ಇಂಗ್ಲಿಷಿನ ಆ ಅರ್ಜಿಯನ್ನು ಪೂರಾ ಓದಿ, ಕೆಳಗಿನ ನನ್ನ ಸಹಿಗೆ ಬಂದು, ನನ್ನ ಕಡೆ ತಿರುಗಿದಳು.

"ಕೂತ್ಕೋ" ಎಂದೆ. "ಮೊದಲು ಇದರ 'ಯಾಕೆ' ಹೇಳುತ್ತೇನೆ."